ಇನ್ನೊಂದು ಗಿಳಿ ತರಲೋ ಬೇಡವೋ

ಮಹಾಲ್, ನಾಗಪುರ

ಚಿ. ಸೌ. ಕಸ್ತೂರಿಗೆ ಅತ್ತಿಗೆಯ ಆಶೀರ್ವಾದ.

ಲಕ್ವಾ ಹೊಡೆದ ಮೇಲೆ ನಿಮ್ಮಣ್ಣನವರಿಗೆ ಮಾತು ಮರಳಿಲ್ಲ. ಅವರು ಮಾತಾಡಿಸುವುದು ನಿಂತಾಗಿನಿಂದ ಅವರ ಗಿಳಿ ತನ್ನ ಪುಕ್ಕಗಳನ್ನು ತಾನೇ ಕಿತ್ತುಕೊಳ್ಳುತ್ತಿದೆ. ಇನ್ನೊಂದು ಗಿಳಿ ತಂದರೆ ಬದುಕುತ್ತದೆ, ಆದರೆ ಜೋಡಿ ಸಿಕ್ಕ ಮೇಲೆ ಮನುಷ್ಯರ ಮಾತು ಬಿಡಬಹುದು ಎಂದರು ಹಕ್ಕಿಗಳ ಡಾಕ್ಟರು.

ದಿನಾ ಬೆಳಿಗ್ಗೆ ಅದು ಥೇಟ್ ನಿಮ್ಮಣ್ಣನವರ ದನಿಯಲ್ಲಿ, "ಏ ಇಕಿನ, ಚಹಾ ಆತೇನ? ಜಲ್ದಿ ತಾ!" ಎಂದು ಕೂಗುತ್ತದೆ. "ಕೈ ಖಾಲಿ ಇಲ್ಲ, ತಡೀರಿ" ಎಂದು ನಾನು ಗದರಿದರೆ ಅವರು ಮಲಗಿದಲ್ಲೇ ನಗುತ್ತಾರೆ.

ತರಲೇ ಎಂದು ಅವರನ್ನೇ ಕೇಳಿದೆ. ಕಣ್ಣು ಮುಚ್ಚಿಕೊಂಡರು.

ನಾನು ಯಾರ ಸಲಹೆಯನ್ನೂ ಕೇಳಿದವಳಲ್ಲ, ನಿನಗೆ ಗೊತ್ತು. ತರಲೋ ಬೇಡವೋ, ಒಂದೇ ಮಾತು ಬರೆ. ಫೋನು ಮಾಡಬೇಡ, ನನಗೆ ದಾರಿ ತೋಚದಾಗಿದೆ ಎಂಬುದು ಅವರ ಕಿವಿಗೆ ಬೀಳಬಾರದು.

ನಿನ್ನ ಅತ್ತಿಗೆ,
ನೀಲವ್ವ