ತೃಪ್ತಿಯ ಚೌಕಗಳು

ಭಾನುವಾರ, ೧೮ ಜನವರಿ. ಐರೋಲಿ.

ಇನ್ನೊಮ್ಮೆ ಆ ತೃಪ್ತಿಯ ಜೊತೆ ಚಿತ್ರ ಬಿಡಿಸಲು ಹೋದರೆ ನನ್ನ ಹೆಸರು ವಿಮಲಾ ಅಲ್ಲ. ಬೇಲಾಪುರದ ಕೋಟೆ ನೋಡುವ ಮೊದಲೇ, ನಿನ್ನೆ ಮನೆಯಲ್ಲಿ ಕೂತು ಮಹಾರಾಯ್ತಿ ಸ್ಕೆಚ್‌ಬುಕ್ಕಿನ ಪುಟಕ್ಕೆ ಚೌಕ ಹಾಕಿಟ್ಟಿದ್ದಳು: ಕೋಟೆಗೊಂದು, ಚಹಾಕ್ಕೊಂದು, ಹಕ್ಕಿಗೊಂದು. ಇವತ್ತು ಅವನ್ನು ತುಂಬಿಸುವುದಷ್ಟೇ ನಮ್ಮ ಪ್ರವಾಸ.

“ಚಾ ಕುಡಿಯಲೇಬೇಕು ವಿಮಲಕ್ಕ, ಆ ಬಾಕ್ಸ್ ಖಾಲಿ ಉಂಟಲ್ಲ!”

ಕೋಟೆಯ ಪಕ್ಕದ ಖಾಡಿಯ ಉಪ್ಪು ಹಿನ್ನೀರಿನಲ್ಲಿ ಹಕ್ಕಿ ಒಂದೂ ಇರಲಿಲ್ಲ. ಚೌಕದಲ್ಲಿ ಮಾತ್ರ ಗುಲಾಬಿ ಫ್ಲೆಮಿಂಗೊ ಬಂದು ನಿಂತಿತು. ಥೂ.

ಪುಟದ ಮೂಲೆಯಲ್ಲಿ ನಾನು, ಬಾಯ್ತುಂಬ ನಗುತ್ತಾ. ಇಡೀ ದಿನ ಮುಖ ಗಂಟು ಹಾಕಿಕೊಂಡಿದ್ದ ನನ್ನನ್ನು ಎದುರಿಗೇ ಇಟ್ಟುಕೊಂಡು ನಮ್ಮ ಸ್ಕೆಚ್ ಗುಂಪಿನವರೆಲ್ಲ “ಅರೇ, ಥೇಟ್ ವಿಮಲಾ!” ಎಂದು ಹೊಗಳಿದರು. ಬೆರಳಿಟ್ಟು ನೋಡಿದೆ. ಉಳಿದ ಬಣ್ಣವೆಲ್ಲ ಇನ್ನೂ ಹಸಿ. ನನ್ನ ನಗು ಮಾತ್ರ ನಿನ್ನೆಯೇ ಒಣಗಿತ್ತು.