ಅಕ್ಷರಮಾಲೆಯಲ್ಲಿ ಮಾವನ ಹೆಸರು

ಕಾಶ್ಕಾ-ಬುಲಾಕ್, ನರಿನ್ ಪ್ರಾಂತ್ಯ
ಏಪ್ರಿಲ್ ೧೧

ನನ್ನ ಮುದ್ದಿನ ತಂಗಿ, ಮಹಾ ಮರೆಗುಳಿ ಜಿಪಾರ್‌ಗೆ,

ನಿನ್ನ ಅಕ್ಕ ಬುರುಲ್ ಎರಡೂ ಕೆನ್ನೆಗೆ ಮುತ್ತಿಟ್ಟು ಬರೆಯುತ್ತಿದ್ದೇನೆ. ಇಲ್ಲಿ ನಾವೆಲ್ಲ ಗಟ್ಟಿಮುಟ್ಟಾಗಿದ್ದೇವೆ. ಕುರಿಗಳು ಮರಿ ಹಾಕುವ ಕಾಲ, ಹಾಗಾಗಿ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ ಅಷ್ಟೆ. ನಿನ್ನ ಬೆಕ್ತೂರ್ ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಹೋಗುತ್ತಾನೆ, ಏನೇನು ತರಬೇಕು, ಏನೇನು ಮಾಡಬೇಕು ಎಂದು ಫೋನಿನಲ್ಲಿ ಎಷ್ಟು ಸಲ ಕೇಳಿದೆ ನೀನು! ಹೇಳಿದ್ದೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಕರಕೋಲ್ ಕಡೆ ಬರುವ ವ್ಯಾನಿನವನ ಕೈಯಲ್ಲಿ ಎರಡು ಬಿಳಿ ಅಂಗಿ, ಒಂದು ಡಬ್ಬಿ ಬೆಣ್ಣೆಯ ಜೊತೆ ಇದೂ ಇದೆ. ಬೇಕಾದರೆ ಮೊದಲ ಹಾಳೆಯನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೋ. ಉಳಿದದ್ದನ್ನು ಅಂಟಿಸಬೇಡ, ಯಾಕೆಂದು ಓದಿದರೆ ತಿಳಿಯುತ್ತದೆ.

ಮೊದಲು ಬೂಟಿನ ವಿಷಯ. ಶಾಲೆಯೊಳಗೆ ಹಾಕಲು ಬೇರೆ ಜೋಡಿ ಬೇಕೇ ಬೇಕು. ಲೇಸಿನದು ತರಬೇಡ, ಅಂಟುಪಟ್ಟಿಯದು ತಾ. ಒಬ್ಬಳೇ ಟೀಚರ್ ಎಲ್ಲ ಮಕ್ಕಳಿಗೂ ಲೇಸು ಕಟ್ಟುತ್ತಾ ಕುಳಿತರೆ ಪಾಠ ಯಾವಾಗ ಮಾಡಬೇಕು? ಒಳಗಡೆ ಮಗುವಿನ ಹೆಸರು ಬರೆ. ಎಲ್ಲರೂ ಒಂದೇ ಬಜಾರಿನಲ್ಲಿ ಒಂದೇ ಕರಿ ಬೂಟು ತಂದಿರುತ್ತಾರೆ. ನಮ್ಮ ಸೆಜಿಮ್ ಒಂದು ದಿನ ಎರಡೂ ಎಡಗಾಲಿನ ಬೂಟು ಹಾಕಿಕೊಂಡು ಕುಂಟುತ್ತಾ ಬಂದಿದ್ದಳು.

ಲಸಿಕೆಯ ಚೀಟಿಯನ್ನು ಆಗಸ್ಟ್ ಮೊದಲಲ್ಲೇ ಬರೆಸಿಕೋ. ಕೊನೇ ವಾರಕ್ಕೆ ಬಿಟ್ಟರೆ ಊರಿನ ಅಮ್ಮಂದಿರೆಲ್ಲ ಆಸ್ಪತ್ರೆಯ ಬಾಗಿಲಲ್ಲೇ ಜಗಳವಾಡುತ್ತಾ ನಿಂತಿರುತ್ತಾರೆ. ಶಾಲೆ ಶುರುವಾಗುವ ಮೊದಲೇ ಒಮ್ಮೆ ಕೈಹಿಡಿದು ಕರೆದುಕೊಂಡು ಹೋಗಿ ಶೌಚಾಲಯ ಎಲ್ಲಿದೆ ಎಂದು ತೋರಿಸು. ನಗಬೇಡ, ಇದು ಎಲ್ಲಕ್ಕಿಂತ ಮುಖ್ಯ. ಬೆಳಿಗ್ಗೆ ಬರೀ ಚಹಾ ಕುಡಿಸಿ ಅಟ್ಟಬೇಡ. ರೊಟ್ಟಿಗೆ ಕೆನೆ ಹಚ್ಚಿ ನಿನ್ನ ಕಣ್ಣೆದುರಿಗೇ ತಿನ್ನಿಸು. ಶಾಲೆಯಲ್ಲಿ ಕೊಡುವ ಗಂಜಿಯನ್ನು ಅರ್ಧ ಮಕ್ಕಳು ಮೂಸಿಯೂ ನೋಡುವುದಿಲ್ಲ. ಮರುದಿನದ ಚೀಲವನ್ನು ಸಂಜೆಯೇ ಜೋಡಿಸಲಿ, ಅವನೇ ಜೋಡಿಸಲಿ. ನೀನು ಜೋಡಿಸಿದರೆ ಪುಸ್ತಕ ಎಲ್ಲಿದೆ ಎಂದು ಅವನಿಗೆ ಗೊತ್ತಾಗುವುದಿಲ್ಲ. ಮನೆಪಾಠವನ್ನಂತೂ ಅಪ್ಪಿತಪ್ಪಿಯೂ ನೀನು ಬರೆದುಕೊಡಬೇಡ. ನಿನ್ನ ಕೋಳಿಕಾಲಿನ ಅಕ್ಷರ ಯಾವ ಟೀಚರಿಗಾದರೂ ಗೊತ್ತಾಗುತ್ತದೆ.

ಇನ್ನು ಫೋನಿನಲ್ಲಿ ಅಮ್ಮಂದಿರ ಗುಂಪು ಎಂದೊಂದು ಇರುತ್ತದೆ. ನಾಳೆ ಬಣ್ಣದ ಕಾಗದ ತನ್ನಿ ಎಂದು ಟೀಚರ್ ಒಂದು ಸಾಲು ಬರೆಯುತ್ತಾಳೆ, ಅದರ ಮೇಲೆ ಅಮ್ಮಂದಿರು ಹೂವು, ಹೃದಯ, ಕೈಮುಗಿದ ಚಿತ್ರ ಎಲ್ಲ ಸುರಿಯುತ್ತಾರೆ. ಆ ಒಂದು ಸಾಲು ಹುಡುಕಿ ಓದಿಕೋ. ಮಗುವಿಗೆ ಏನಾದರೂ ತೊಂದರೆಯಾದರೆ ಮಾತ್ರ ಅಲ್ಲಿ ಬರೆಯಬೇಡ. ನೇರವಾಗಿ ಹೋಗಿ ಟೀಚರ್ ಮುಖ ನೋಡಿ ಮಾತಾಡು. ನಾನು ಹಾಗೆ ಮಾಡದೆ ಎಷ್ಟು ಪಡಬಾರದ್ದು ಪಟ್ಟೆ ಎಂದು ಈಗ ಹೇಳುತ್ತೇನೆ.

ಗೋಡೆಗೆ ಅಂಟಿಸುವ ಹಾಳೆ ಇಲ್ಲಿಗೆ ಮುಗಿಯಿತು.

ಒಂದನೇ ತರಗತಿಯವರು ಅಕ್ಷರಮಾಲೆಯ ಪುಸ್ತಕ ಮುಗಿಸಿದಾಗ ಹಬ್ಬ ಮಾಡುತ್ತಾರಲ್ಲ, ಮಕ್ಕಳೆಲ್ಲ ವೇದಿಕೆಯ ಮೇಲೆ ನಿಂತು ಒಂದೊಂದು ಪುಟ ಓದುತ್ತಾರಲ್ಲ, ಅದಕ್ಕೆ ನಮ್ಮ ಮಾವ ಚಳಿಗಾಲದಿಂದಲೇ ಒಂದು ಕೊಬ್ಬಿದ ಕುರಿಯನ್ನು ಬೇರೆ ಕಟ್ಟಿ ಮೇಯಿಸುತ್ತಿದ್ದರು. ಸಿಕ್ಕಸಿಕ್ಕವರನ್ನೆಲ್ಲ ಊಟಕ್ಕೆ ಕರೆದೂ ಆಗಿತ್ತು. ಅಷ್ಟರಲ್ಲಿ ಮಾರ್ಚ್ ತಿಂಗಳಲ್ಲಿ ಸೆಜಿಮ್‌ಳ ಟೀಚರ್ ಎಲ್ನೂರಾ ಗುಂಪಿನಲ್ಲಿ ನನ್ನ ಹೆಸರು ಹಾಕಿ, ದಯವಿಟ್ಟು ಬಂದು ಕಾಣಿರಿ ಎಂದು ಬರೆದಳು. ನಾನು ಒಂದು ಹೂವಿನ ಚಿತ್ರ ಹಾಕಿ ಸುಮ್ಮನಾದೆ. ಹೊಲಿಗೆಯೋ, ಗುಡಿಸುವ ಸರದಿಯೋ ಇರಬೇಕು ಎಂದುಕೊಂಡೆ. ಎರಡನೇ ಸಲ ಬರೆದಾಗಲೂ ಹೂವೇ. ಕೊನೆಗೆ ಅವಳೇ ಕೆಸರಿನಲ್ಲಿ ನಡೆದುಕೊಂಡು ಮನೆಬಾಗಿಲಿಗೆ ಬಂದಳು. ಆಗ ಒಳಗೆ ಕೂರಿಸಿ ಚಹಾ ಕೊಟ್ಟೆ.

ಎಲ್ನೂರಾ ಒಳ್ಳೆಯ ಹುಡುಗಿ, ಸುಳ್ಳು ಯಾಕೆ ಹೇಳಲಿ. ರಾಜಧಾನಿಯಲ್ಲಿ ಹುಟ್ಟಿ ಬೆಳೆದವಳು, ಇನ್ನೂ ಮದುವೆಯಾಗಿಲ್ಲ, ನಮ್ಮ ಮಕ್ಕಳ ಮೂಗನ್ನೂ ಒರೆಸುತ್ತಾಳೆ. ಚಹಾ ಬಟ್ಟಲನ್ನು ಕೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ಹೇಳಿದಳು: “ಬೇಜಾರು ಮಾಡ್ಕೋಬೇಡಿ. ಸೆಜಿಮ್‌ಗೆ ಓದೋಕೆ ಬರ್ತಿಲ್ಲ. ಅಕ್ಷರ ನೋಡಲ್ಲ, ಚಿತ್ರ ನೋಡಿ ಬಾಯಿಗೆ ಬಂದಿದ್ದು ಹೇಳ್ತಾಳೆ. ತಿದ್ದೋಕೆ ಹೋದ್ರೆ ತುಟಿ ಬಿಗಿದುಕೊಂಡು ಅಳ್ತಾಳೆ. ಉಕ್ತಲೇಖನದಲ್ಲಿ ನಡುನಡುವೆ ಜಾಗ ಖಾಲಿ ಬಿಡ್ತಾಳೆ. ಹಬ್ಬದಲ್ಲಿ ವೇದಿಕೆ ಹತ್ತಿಸಿ ನಗೆಪಾಟಲು ಮಾಡೋದು ಬೇಡ. ಮುಂದಿನ ವರ್ಷ ಇನ್ನೊಂದ್ಸಲ ಚಿಕ್ಕಮಕ್ಕಳ ಕ್ಲಾಸಲ್ಲಿ ಕೂರಿಸಿದ್ರೆ ಅವಳಿಗೇ ಒಳ್ಳೇದು.”

ಜಿಪಾರ್, ಬೆಣ್ಣೆ ಡಬ್ಬಿಯ ಮೇಲಿನ ಹೆಸರನ್ನು ಶಾಲೆಗೆ ಹೋಗುವ ಮೊದಲೇ ಓದಿದ ಮಗು ಅದು! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಟೀಚರ್ ಆ ಕಡೆ ಹೋದದ್ದೇ ತಡ, ಸೆಜಿಮ್‌ಳನ್ನು ಎಳೆದು ಕೂರಿಸಿ ಪುಸ್ತಕ ತೆರೆದೆ. ಹುಡುಗಿ ನೀರು ಕುಡಿದಂತೆ ಓದಿದಳು. ಕುದುರೆ, ಹೊಳೆ, ಚಮಚ, ಟೋಪಿ, ಎಲ್ಲ. ಆಮೇಲೆ ಕುರಿಮರಿಯ ಪುಟ ಬಂತು. ಬೆರಳನ್ನು ಆ ಪದದ ಕೆಳಗಿಟ್ಟುಕೊಂಡು, “ಬ್ಯಾಬ್ಯಾ ಓಡಿತು. ಬ್ಯಾಬ್ಯಾ ಹಾರಿತು. ಬ್ಯಾಬ್ಯಾ ಅಮ್ಮನ ಹತ್ತಿರ ಹೋಯಿತು” ಎಂದು ಗಂಭೀರವಾಗಿ ಓದಿದಳು.

ನಗು ಉಕ್ಕಿ ಬಂತು. ಮರುಗಳಿಗೆಗೆ ಆ ಪದ ಯಾವುದೆಂದು ಹೊಳೆಯಿತು.

ನಿನಗೆ ಬಿಡಿಸಿ ಹೇಳಬೇಕೇ? ಕುರಿಮರಿಗೆ ಏನು ಹೇಳುತ್ತೇವೋ ಅದೇ ನಮ್ಮ ಮಾವನ ಹೆಸರಿನ ಮೊದಲರ್ಧ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆಯೇ ಅತ್ತೆ, ದೇವರು ಅವರ ಆತ್ಮಕ್ಕೆ ನೆಮ್ಮದಿ ಕೊಡಲಿ, ಕಿವಿಯಲ್ಲಿ ಹೇಳಿದ್ದರು: “ಆ ಪದ ನಿನ್ನ ಬಾಯಲ್ಲಿ ಬರಕೂಡ್ದು. ಮರಿ ಕಂಡ್ರೆ ಬ್ಯಾಬ್ಯಾ ಅನ್ನು.” ಅಂದಿನಿಂದ ನಾನು ಬ್ಯಾಬ್ಯಾಗೆ ಹಾಲು ಕುಡಿಸಿದ್ದೇನೆ, ಬ್ಯಾಬ್ಯಾವನ್ನು ಕಟ್ಟಿದ್ದೇನೆ, ಬ್ಯಾಬ್ಯಾ ಕಳೆದುಹೋದರೆ ಗುಡ್ಡವೆಲ್ಲ ಹುಡುಕಿದ್ದೇನೆ. ಅದು ಸೊಸೆಯಂದಿರಿಗೆ ಮಾತ್ರ, ಮನೆಯಲ್ಲಿ ಹುಟ್ಟಿದ ಮಗಳಿಗಲ್ಲ ಎಂದು ಆ ಮಗುವಿಗೆ ಯಾರು ಹೇಳಿದ್ದರು? ಯಾರೂ ಇಲ್ಲ. ಅವಳು ಅಕ್ಷರ ಅಕ್ಷರವನ್ನೂ ಸರಿಯಾಗಿಯೇ ಓದುತ್ತಿದ್ದಳು, ಓದಿ ಅಜ್ಜನಿಗೆ ಮರ್ಯಾದೆ ಕೊಡುತ್ತಿದ್ದಳು. ಉಕ್ತಲೇಖನದಲ್ಲಿ ಬಿಟ್ಟ ಖಾಲಿ ಜಾಗವೂ ಅದೇ. ಇಡೀ ಕ್ಲಾಸು ಬಿದ್ದುಬಿದ್ದು ನಗುವಾಗಲೂ ಬಾಯಿ ಬಿಡಲಿಲ್ಲವಂತೆ, ಅದಾದ ಮೇಲೆ ಕ್ಲಾಸಿನಲ್ಲಿ ಯಾವ ಪುಟವನ್ನೂ ನೆಟ್ಟಗೆ ಓದಿರಲಿಲ್ಲವಂತೆ.

“ನೀನು ಹೇಳ್ಬಹುದು ಕಣೇ, ಅದು ನಿನಗಲ್ಲ” ಎಂದೆ.

“ಹಾಗಾದ್ರೆ ನೀನು ಹೇಳು.”

“ನಾನು ಹೇಳೋ ಹಾಗಿಲ್ಲ.”

“ನೀನು ಹೇಳದೆ ಇರೋದನ್ನ ನಾನ್ಯಾಕೆ ಹೇಳ್ಲಿ?” ಎಂದು ಪುಸ್ತಕ ಮುಚ್ಚಿಟ್ಟಳು. ಹಟಮಾರಿ. ಯಾರ ಹಾಗೆ ಎಂದು ನೀನು ಹೇಳಬೇಕಾಗಿಲ್ಲ.

ನಿನ್ನ ಭಾವನಿಗೆ ಹೇಳಿದೆ. ಆತ ಹೊಟ್ಟೆ ಹಿಡಿದುಕೊಂಡು ನಕ್ಕು, “ಹೇಳಿಬಿಡು ಮಾರಾಯ್ತಿ, ನಾನು ಕಿವಿ ಮುಚ್ಕೋತೀನಿ” ಎಂದ. ಗಂಡಸರಿಗೇನು! ನಾನು ಒಲೆಯ ಮುಂದೆ ಕುಳಿತು ಬಾಯಿ ತೆರೆದರೆ ನಾಲಿಗೆ ಹೊರಳಲೇ ಇಲ್ಲ. ಒಂದು ಪದಕ್ಕೆ ಹೆದರಿ ಮಗಳನ್ನು ಹಿಂದಿನ ತರಗತಿಗೆ ಕಳಿಸುವ ತಾಯಿ ನಾನೇ ಇರಬೇಕು ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಮಾವ ಕುದುರೆಗಳ ಕಡೆ ಹೋಗಿದ್ದಾರೆಂದುಕೊಂಡು ಸೆಜಿಮ್‌ಳನ್ನು ಕುರಿದೊಡ್ಡಿಗೆ ಕರೆದುಕೊಂಡು ಹೋದೆ. ಆಗಷ್ಟೇ ಹುಟ್ಟಿದ ಒಂದು ಮರಿಯನ್ನು ಎತ್ತಿ ಅವಳ ಮಡಿಲಿಗೆ ಹಾಕಿದೆ. ಕಣ್ಣು ಮುಚ್ಚಿಕೊಂಡೆ. “ಕೊ…” ಎಂದೆ. ಅರೆಗಣ್ಣು ತೆರೆದರೆ ಸೆಜಿಮ್ ಬಾಯಿ ಬಿಟ್ಟು ನೋಡುತ್ತಿದ್ದಳು. ಇನ್ನು ಆಗುವುದಾಗಲಿ ಎಂದು ಮತ್ತೆ ಕಣ್ಣು ಮುಚ್ಚಿ ಕಿರುಚಿಬಿಟ್ಟೆ: “ಕೊಜು! ಕೊಜು! ಇದು ಕೊಜು!”

“ಆಂ? ಯಾರದು ನನ್ನ ಕರೆದಿದ್ದು?” ಎಂದು ಹುಲ್ಲಿನ ಗೋಡೆಯ ಆಚೆಯಿಂದ ಮಾವನ ಗುಡುಗು ದನಿ ಬಂತು.

ಭೂಮಿ ಬಾಯ್ಬಿಡಬಾರದೇ ಎನಿಸಿತು. ಅಲ್ಲಿ ಹೆರಿಗೆಯ ಕುರಿಯ ಪಕ್ಕದಲ್ಲಿ ಕುಳಿತಿದ್ದರಂತೆ. ತೋಳಿನ ತನಕ ರಕ್ತ, ಟೋಪಿಯ ಮೇಲೆ ಹುಲ್ಲು. ನನ್ನ ಮಗಳಾದರೂ ಸುಮ್ಮನಿರಬೇಡವೇ? ಕುಣಿದು ಕುಪ್ಪಳಿಸಿ, “ಅಜ್ಜಾ ಅಜ್ಜಾ, ಅಮ್ಮ ನಿನ್ನ ಹೆಸರು ಹೇಳಿಬಿಟ್ಳು! ಮೂರ್ ಸಲ ಹೇಳಿದ್ಳು!” ಎಂದು ಸಾರಿದಳು.

ನಾನು ತಲೆ ಬಗ್ಗಿಸಿ ಎಲ್ಲ ಹೇಳಿದೆ. ಟೀಚರ್ ಬಂದದ್ದು, ಹಿಂದಿನ ತರಗತಿಯ ಮಾತು, ಬ್ಯಾಬ್ಯಾ ಎಲ್ಲವನ್ನೂ. ಮಾವ ಮುಖ ಕೆಂಪು ಮಾಡಿಕೊಂಡು, “ನನ್ನ ಮೊಮ್ಮಗಳನ್ನ ಹಿಂದಕ್ಕೆ ಹಾಕ್ತಾರಾ? ನನ್ನ ಹೆಸರಿನ ದೆಸೆಯಿಂದ?” ಎಂದರು. ಬೈಯುತ್ತಾರೆಂದು ಕಾದೆ. ಬೈಗುಳ ಬರಲಿಲ್ಲ. ಹುಲ್ಲಿನ ಮೇಲೆ ಕುಕ್ಕರಿಸಿ ಕುಳಿತು ಕೈ ಒರೆಸಿಕೊಂಡರು.

“ಇನ್ನೊಂದ್ಸಲ ಹೇಳಮ್ಮ” ಎಂದರು.

“ಏನನ್ನ, ಅತಾ?”

“ಹೆಸರು. ಪೂರ್ತಿ ಹೇಳು.” ಅವರೇ ಮುಂದುವರಿಸಿದರು: “ನಮ್ಮಮ್ಮ ಹೋದ ಮೇಲೆ ನನ್ನ ಹೆಸರು ಹಿಡಿದು ಕರೆಯೋರೇ ಇಲ್ಲ. ಹೊರಗೆ ಹೋದ್ರೆ ಹಿರಿಯರೇ ಅಂತಾರೆ, ಒಳಗೆ ಬಂದ್ರೆ ಅತಾ, ಅಪ್ಪಾ ಅಂತೀರಿ. ನಿಮ್ಮತ್ತೆ ಸಾಯೋ ತನಕ ‘ಏ ಮುದುಕ’ ಅಂದ್ಳು. ಪಿಂಚಣಿ ಕಿಟಕಿ ಹುಡುಗಿ ಒಬ್ಳು ಕೂಗ್ತಾಳೆ, ಅವಳೂ ತಪ್ಪಾಗಿ ಕೂಗ್ತಾಳೆ.”

“ಕೊಜುಬಾಯ್” ಎಂದೆ.

“ಹ್ಞಾಂ” ಎಂದು ಓಗೊಟ್ಟರು. ಓಗೊಟ್ಟು ಕಣ್ಣೊರೆಸಿಕೊಂಡು, ಹುಲ್ಲಿನ ಧೂಳು ಎಂದು ಗೊಣಗಿದರು.

ಬೆಳಗಾದರೆ ಬಿಳಿ ಕಲ್ಪಾಕ್ ಟೋಪಿ ಇಟ್ಟುಕೊಂಡು, ಮದುವೆಗೆ ಹೊರಟವರ ಹಾಗೆ ಸಿದ್ಧರಾಗಿ ಕೂತಿದ್ದರು. ನಾನು ಹಿಂದೆ, ಅವರು ಮುಂದೆ, ನಡುವೆ ಸೆಜಿಮ್. ಕ್ಲಾಸಿನ ಬಾಗಿಲಲ್ಲಿ ನಿಂತು ಟೋಪಿ ತೆಗೆದು, “ಟೀಚರಮ್ಮ, ನಾನೇ ಆ ಕುರಿಮರಿ. ತಪ್ಪೇನಿದ್ರೂ ನನ್ನ ಹೆಸರಿಂದು, ಮಗೂದಲ್ಲ” ಎಂದರು. ಮಕ್ಕಳು ಹೋ ಎಂದು ನಕ್ಕರು. ಎಲ್ನೂರಾಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮಾವನನ್ನು ಹಿಂದಿನ ಪುಟ್ಟ ಬೆಂಚಿನಲ್ಲಿ ಕೂರಿಸಿ, ಸೆಜಿಮ್‌ಳನ್ನು ಮುಂದಕ್ಕೆ ಕರೆದಳು. ಮಾವನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

ಸೆಜಿಮ್ ಪುಟ ತೆರೆದಳು. ಬೆರಳು ಆ ಪದದ ಕೆಳಗೆ ನಿಂತಿತು. ತುಟಿ ಬಿಗಿಯಿತು. ಅಜ್ಜ ತಲೆಯಾಡಿಸಿದರೂ ಅವಳು ಅವರ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದಳು. ದೊಡ್ಡಿಯಲ್ಲಿ ಕಣ್ಣು ಮುಚ್ಚಿ ಕಿರುಚಿದ್ದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಮಾವನ ಎದುರಿಗೆ, ಟೀಚರ್ ಎದುರಿಗೆ, ಕಿಟಕಿಯಲ್ಲಿ ಇಣುಕುತ್ತಿದ್ದ ಪಕ್ಕದ ಕ್ಲಾಸಿನವರ ಎದುರಿಗೆ ಹೇಳಬೇಕಿತ್ತು.

“ಕೊಜು” ಎಂದೆ. ನೆಟ್ಟಗೆ, ದೊಡ್ಡದಾಗಿ.

“ಕೊಜು ಓಡಿತು” ಎಂದಳು ನನ್ನ ಮಗಳು. “ಕೊಜು ಹಾರಿತು. ಕೊಜು ಅಮ್ಮನ ಹತ್ತಿರ ಹೋಯಿತು.” ಆಮೇಲೆ ಯಾರು ನಿಲ್ಲಿಸಿದರೂ ನಿಲ್ಲಲಿಲ್ಲ, ಮುಂದಿನ ಪುಟ, ಅದರ ಮುಂದಿನ ಪುಟ, ಗಂಟೆ ಹೊಡೆಯುವ ತನಕ ಓದಿದಳು. ಎಲ್ನೂರಾ ನನ್ನ ಕೈ ಹಿಡಿದು, “ಇವಳಿಗೆ ಮೊದಲೇ ಓದೋಕೆ ಬರ್ತಿತ್ತು, ಯಾಕೆ ಹೀಗೆ ಅಂತ ನಾನು ಅವಳನ್ನೇ ಕೇಳಬೇಕಿತ್ತು” ಎಂದಳು. ಹಿಂದಿನ ತರಗತಿಯ ಮಾತು ಅಲ್ಲಿಗೇ ಸತ್ತಿತು. ಬರುವ ಶುಕ್ರವಾರ ಹಬ್ಬ, ಕುರಿಮರಿಯ ಪುಟ ಸೆಜಿಮ್‌ಳದೇ. ನೀನು, ಬೆಕ್ತೂರ್ ಇಬ್ಬರೂ ಬರಲೇಬೇಕು. ಬಾರದಿದ್ದರೆ ಮುಖ ತೋರಿಸಬೇಡ.

ಇಷ್ಟುದ್ದ ಯಾಕೆ ಬರೆದೆನೆಂದು ಕೇಳುತ್ತೀಯಾ? ನಿನ್ನ ಮಾವನ ಹೆಸರು ಅಲ್ಮಾಬೆಕ್, ಪೆದ್ದಿ. ಸೇಬು ಕಂಡರೆ ‘ಕೆಂಪುಗಲ್ಲ’ ಎನ್ನುವುದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬೆಕ್ತೂರ್ ಅಕ್ಷರಮಾಲೆಯ ಮೊದಲ ಪುಟ ತೆರೆದರೆ ಅಲ್ಲಿ ಕೂತಿರುವುದೇ ಸೇಬು, ಅಲ್ಮಾ. ನಮ್ಮ ಪುಣ್ಯಕ್ಕೆ ನಮಗೆ ಮಾರ್ಚ್ ತನಕ ಸಮಯ ಸಿಕ್ಕಿತು, ನಿನಗೆ ಮೊದಲ ದಿನವೇ ಗಂಡಾಂತರ. ಇವತ್ತೇ ಒಂದು ಹಣ್ಣು ಕೈಯಲ್ಲಿ ಹಿಡಿದು ಹೋಗಿ ಮಾವನ ಎದುರಿಗೆ ಕೂತು, ಇದರ ಹೆಸರು ಹೇಳಲೇ ಎಂದು ಕೇಳಿಬಿಡು. ಬೈದರೆ ಬೈಯಲಿ. ನನಗೆ ಅನಿಸುವ ಮಟ್ಟಿಗೆ ಬೈಯುವುದಿಲ್ಲ.

ಬೆಕ್ತೂರನ ಮೂಗಿಗೆ ನನ್ನ ಮುತ್ತು. ಡಬ್ಬಿಯನ್ನು ತೊಳೆದು ವಾಪಸು ಕಳಿಸು.

ನಿನ್ನನ್ನು ಬೈಯುವ ಹಕ್ಕಿರುವ ಒಬ್ಬಳೇ ಅಕ್ಕ,
ಬುರುಲ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆದರೆ ಅಳು ಬರುತ್ತದೆಂದು ಬಿಟ್ಟೆ. ಶಾಲೆ ಬಿಡುವಾಗ ಗೇಟಿನಲ್ಲಿ ಅಮ್ಮಂದಿರೆಲ್ಲ ‘ಕೊಜುಮ್, ನನ್ನ ಮರೀ’ ಎಂದೇ ತಾನೇ ಮಕ್ಕಳನ್ನು ಕರೆಯುವುದು? ಹೆತ್ತ ದಿನದಿಂದ ನಾನು ನನ್ನ ಮಗಳನ್ನು ಹಾಗೆ ಕರೆದಿರಲಿಲ್ಲ. “ಅಮ್ಮಾ, ಎಲ್ಲರೂ ಅವರಮ್ಮನ ಬ್ಯಾಬ್ಯಾ, ನಾನು ಮಾತ್ರ ಯಾಕೆ ‘ಏ ಹುಡುಗಿ’?” ಎಂದು ಒಮ್ಮೆ ಕೇಳಿದ್ದಳು, ನಾನು ಮಾತು ಮರೆಸಿದ್ದೆ. ನಿನ್ನೆ ಗೇಟಿನ ಹತ್ತಿರ ಊರಿಗೆಲ್ಲ ಕೇಳುವ ಹಾಗೆ ಕೂಗಿದೆ: “ಕೊಜುಮ್! ನನ್ನ ಮರೀ, ಇಲ್ಲಿದ್ದೀನಿ ಬಾರೇ!” ಸೆಜಿಮ್ ಬೂಟು ಕೂಡ ಬದಲಿಸದೆ ಓಡಿ ಬಂದು ಕೊರಳಿಗೆ ಬಿದ್ದಳು. ಪಕ್ಕದಲ್ಲಿ ನಿಂತಿದ್ದ ಮಾವನೂ ಗಡಬಡಿಸಿ ತಿರುಗಿ, “ಏನಮ್ಮಾ?” ಎಂದರು.