ಮಧುವಿನ ಎಡಗಣ್ಣು

ಬೈಲಹೊಂಗಲ
೯ ಫೆಬ್ರುವರಿ ೨೦೨೫

ಚಿ. ಸೌ. ಐಶ್ವರ್ಯಾಳಿಗೆ ನಿನ್ನ ಅವ್ವನ ಆಶೀರ್ವಾದ.

ರಾಮದುರ್ಗದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಬರೆಯಲು ತಡವಾಯಿತು; ಅಕ್ಷರಗಳು ಸಾಲು ತಪ್ಪಿದ್ದರೆ ಮನ್ನಿಸು. ಬೆಳಗಾವಿಯಲ್ಲಿ ನನ್ನ ಮೆಳ್ಳಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ನಿನಗೆ ತಿಳಿಸದೆ ಹೋದೆನೆಂದು ಸಿಟ್ಟಾಗಬೇಡ.

ಕಣ್ಣು ಈಗ ನೇರವಾಗಿದೆ. ಹಾಲು ಹಾಕುವ ನೀಲಪ್ಪ, ನನ್ನ ಹಳೆಯ ವಿದ್ಯಾರ್ಥಿ, ಬಾಗಿಲಲ್ಲೇ ನಿಂತು ನಕ್ಕ. "ಅಕ್ಕೋರ, ಆವಾಗ ಯಾರನ್ನ ನೋಡಾಕತ್ತೀರಂತ ತಿಳೀದ ಇಡೀ ವರ್ಗ ಅಂಜಿ ಕುಂದರತಿತ್ತು. ಈಗ ಆ ಅಂಜಿಕಿ ಹೋತು ನೋಡ್ರಿ."

ಕಣ್ಣನ್ನು ಮೂಗಿನ ಕಡೆಗೆ ಎಳೆಯುತ್ತಿದ್ದ ಸ್ನಾಯುವನ್ನು ಬಿಡಿಸಿ, ತುಸು ಹಿಂದಕ್ಕೆ ಹೊಲಿದರಂತೆ. ಇನ್ನು ಈ ಕಣ್ಣಿನಿಂದಲೂ ಓದಬಹುದೇ ಎಂದು ಕೇಳಿದೆ. ವೈದ್ಯೆ ತಲೆಯಲ್ಲಾಡಿಸಿದರು. "ಇಲ್ರಿ ಅಮ್ಮಾರ. ನೀವು ಸಣ್ಣವರಿದ್ದಾಗನ ಮೆದುಳು ಇದನ್ನ ಕೈಬಿಟ್ಟೈತಿ. ಈ ಕಣ್ಣು ನೋಡೂದನ್ನ ಕಲೀಲೇ ಇಲ್ಲ." ಯಾವ ಮಗುವನ್ನೂ ಕಲಿಸದೆ ಕೈಬಿಟ್ಟವಳಲ್ಲ ನಾನು; ಆ ಮಾತನ್ನು ನುಂಗುವುದು ಕಷ್ಟವಾಯಿತು.

ನೀನು ಮೊಬೈಲಿಗೆ ಕಳಿಸುವ ಫೋಟೋಗಳಲ್ಲಿ ನನ್ನ ಮೊಮ್ಮಗಳು ಮಧುವಿನ ಎಡಗಣ್ಣು ಈಗಲೂ ಒಳಕ್ಕೆ ಸರಿದಿರುತ್ತದೆ. ಅವಳ ಜಾವಳ ತೆಗೆಸಿದ ದಿನ ನಿನ್ನ ಅತ್ತೆ ಸೀತವ್ವನವರು ಪಂಕ್ತಿಯಲ್ಲೇ ಅಂದರು: "ಬೀಗತ್ಯಾರ, ಕೂಸು ನಿಮ್ಮ ಮಾರಿ ನೋಡಿ ನೋಡಿನ ಹಂಗ ನೋಡೂದು ಕಲತೈತ್ರಿ. ಸ್ವಲ್ಪ ದೂರ ಇರ್ರಿ." ನಾನು ಉಣ್ಣುತ್ತಿದ್ದ ಎಲೆ ಬಿಟ್ಟೆದ್ದು ಬಸ್ಸು ಹಿಡಿದೆ. ಎರಡು ವರ್ಷ ಆ ಕಡೆ ತಲೆಹಾಕಲಿಲ್ಲ. ಅಭಿಮಾನ ನನ್ನದು, ಹಾಳಾದ ಕಾಲ ಮಧುವಿನದು.

ಈ ಸಂಗತಿ ಹೇಳಿದಾಗ ವೈದ್ಯೆ ನಗಲಿಲ್ಲ. "ನೋಡಿದ್ರ ಬರೂದಲ್ರಿ ಇದು, ಮನೆತನದಾಗ ಬರಬಹುದು. ಕೂಸಿಗೆ ಮೂರು ವರ್ಷ ಅಂದ್ರ ತಡಾ ಮಾಡಬ್ಯಾಡ್ರಿ. ಕಣ್ಣಿಗೆ ಚಾಳೀಸು ಹಾಕಬೇಕಾಗಬಹುದು. ಚಲೋ ಕಣ್ಣಿಗೆ ದಿನಾ ಸ್ವಲ್ಪ ಹೊತ್ತು ಪಟ್ಟಿ ಹಚ್ಚಿದ್ರ ಇನ್ನೊಂದು ದುಡೀಲಿಕ್ಕೆ ಕಲೀತೈತಿ. ಆಪರೇಶನ್ ಬೇಕೋ ಬ್ಯಾಡೋ ಆಮ್ಯಾಲ ನೋಡೂಣು."

ಈ ವಾರವೇ ಅವಳನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗು. ಪಟ್ಟಿ ಹಚ್ಚಿದರೆ ಅಳುತ್ತಾಳೆ, ಕಿತ್ತೆಸೆಯುತ್ತಾಳೆ, ನೀನು ಕರಗಬೇಡ. ಸೀತವ್ವನವರಿಗೆ ನನ್ನ ನಮಸ್ಕಾರ ತಿಳಿಸು. ಮಧುವಿನ ಎರಡೂ ಕಣ್ಣುಗಳಿಗೆ ಲೋಕ ಒಂದಾಗಿ ಕಾಣಲಿ.

ಇಂತು ನಿನ್ನ ಅವ್ವ,
ಸಿದ್ದಲಿಂಗವ್ವ

ತಾ.ಕ.: ಓದಲು ಅನುಕೂಲವಾಗಲೆಂದು ಕಣ್ಣು ಮಾಡಿಸಿಕೊಂಡೆನೆಂದು ಓಣಿಯವರಿಗೆಲ್ಲ ಹೇಳಿದ್ದೇನೆ. ನಿಜವಾಗಿ, ಮಧು ನನ್ನ ತೊಡೆಯ ಮೇಲೆ ಕುಳಿತರೆ ಯಾರಿಗೂ ಅಂಜಿಕೆಯಾಗಬಾರದೆಂದು. ನಿನ್ನ ಅತ್ತೆಯ ಮಾತು ಅಷ್ಟೇನೂ ನಾಟಿರಲಿಲ್ಲ, ಐಶೂ. ಅವರು ಮಾತು ಮುಗಿಸುವ ಮೊದಲೇ ನೀನು ಸೆರಗು ಎಳೆದು, ನನಗೆ ಕಾಣದಂತೆ ಕೂಸಿನ ಮುಖ ಮುಚ್ಚಿದ್ದೆ.